ಆರನೆಯ ಮನೆಯಲ್ಲಿ ನಿಂತ ಹಲಗೆ

ಲೋಬೊಕ್, ಬೊಹೋಲ್ ದ್ವೀಪ
೩ ಮೇ ೨೦೦೯

ಪ್ರೀತಿಯ ಕಿನುಯೆ-ಸಾನ್,

ಊರಿನ ಸುತ್ತೋಲೆ ಹಲಗೆ ನನ್ನ ಮನೆಯಲ್ಲಿ ನಿಂತುಹೋಯಿತು ಎಂಬ ಕಥೆಯನ್ನು ಮೊಟ್ಟಮೊದಲು ಹೇಳಿದವರು ಶೋಜಿ ಯಾಯೆ-ಸಾನ್. ಹೇಳಿದ್ದು ಹೋದ ವರ್ಷ ನವೆಂಬರ್ ಹದಿನೆಂಟರ ಬೆಳಿಗ್ಗೆ, ಮೂಲಂಗಿ ತೊಳೆಯುವ ಕಾಲುವೆಯ ಹತ್ತಿರ. ಕೇಳುತ್ತಿದ್ದವರು ಐದು ಜನ ಹೆಂಗಸರು. ಆರನೆಯವಳು ನಾನು, ಶಾಲೆಯ ಇಂಗ್ಲಿಷ್ ಸೆನ್ಸೇ, ಸೈಕಲ್ ತಳ್ಳಿಕೊಂಡು ಕಿರುಸೇತುವೆ ದಾಟುತ್ತಿದ್ದೆ. "ಎಲ್ಲಿ ನಿಂತಿತ್ತು ಅಂತೀರಿ? ಆರನೇ ಮನೇಲಿ! ಸೆನ್ಸೇ ಪಟ್ಟಣಕ್ಕೆ ಹೋಗಿದ್ರು, ಹಲಗೆ ಚಪ್ಪಲಿ ಗೂಡಿನ ಮೇಲೆ ಗೊರಕೆ ಹೊಡೀತಾ ಇತ್ತು" ಅಂದರು. ಎಲ್ಲರೂ ನಕ್ಕರು. ನನ್ನನ್ನು ಕಂಡದ್ದೇ ತಡ, "ಚಳಿ ಅಲ್ವಾ ಸೆನ್ಸೇ?" ಅಂದರು. ನಾನೂ "ಹೌದು, ತುಂಬಾ ಚಳಿ" ಅಂದೆ.

ಕಾಗದವನ್ನು ಋತುವಿನ ಮಾತಿನಿಂದ ಶುರುಮಾಡಬೇಕು ಎಂದು ಕಲಿಸಿದವರು ನೀವೇ. ತಪ್ಪಿದೆ, ಕ್ಷಮಿಸಿ. ಇಲ್ಲಿ ಇರುವುದು ಎರಡೇ ಋತು, ಬಿಸಿಲು ಮತ್ತು ಮಳೆ. ಈಗ ಬಿಸಿಲು. ಅಕ್ಕನ ಮನೆಯ ತಗಡಿನ ಮಾಡಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಅಲ್ಲಿ ನಿಮ್ಮ ಊರು ಕುರೊತಾಕಿಯಲ್ಲಿ ಚೆರಿ ಹೂವು ಉದುರಿ ಮುಗಿದಿರಬೇಕು.

ಒಂದು ಸಹಾಯ ಬೇಕಿತ್ತು. ನಾಗಾನೋ ಕಡೆಯ ಒಂದು ಊರಿನ ಶಾಲೆ ಸೆಪ್ಟೆಂಬರಿನಿಂದ ಇಂಗ್ಲಿಷ್ ಕಲಿಸುವವರನ್ನು ಹುಡುಕುತ್ತಿದೆ. ನನ್ನ ಪಾಠದ ಬಗ್ಗೆ ಅವರಿಗೆ ತಕರಾರಿಲ್ಲ. ಆದರೆ ನಮ್ಮ ಪಟ್ಟಣದ ಶಿಕ್ಷಣ ಕಚೇರಿ ಕಳಿಸಿದ ಕಡತದಲ್ಲಿ ಒಂದು ಸಾಲಿದೆಯಂತೆ: "ಊರಿನ ಹೊಣೆಗಾರಿಕೆಯಲ್ಲಿ ನಿರ್ಲಕ್ಷ್ಯ, ಅದರಿಂದ ಸಾರ್ವಜನಿಕ ಹಾನಿ." ಇದಕ್ಕೆ ವಿವರಣೆ ಕೇಳಿದ್ದಾರೆ. ಜೊತೆಗೆ ನೆರೆಮನೆಯವರೊಬ್ಬರ ಪತ್ರ. ಜೂನ್ ಮೂವತ್ತು ಕೊನೆಯ ದಿನ. ಆ ಒಂದು ಸಾಲು ಅಲ್ಲಿರುವ ತನಕ ಜಪಾನಿನ ಯಾವ ಶಾಲೆಯ ಬಾಗಿಲೂ ನನಗೆ ತೆರೆಯುವುದಿಲ್ಲ.

ನಾನು ಬರೆದ ವಿವರಣೆ ಇದು. ತಪ್ಪಿದ್ದರೆ ತಿದ್ದಿ.

"ನಾಲ್ಕನೆಯ ಗುಂಪಿನಲ್ಲಿ ಒಂಬತ್ತು ಮನೆಗಳು. ಸುತ್ತೋಲೆ ಹಲಗೆ ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ತಮ್ಮ ಹೆಸರಿನ ಮೊಹರು ಒತ್ತಿ ಪಕ್ಕದ ಮನೆಗೆ ಮುಟ್ಟಿಸಬೇಕು. ನನ್ನದು ಆರನೆಯ ಮನೆ, ಓನುಮಾ ಕಿನುಯೆ-ಸಾನ್ ಅವರದು ಏಳನೆಯದು. ಆ ಸಲ ಹಲಗೆಯ ಮೇಲೆ ಬಂದದ್ದು ಶಾಲೆಯ ಕಾಗದ. ಹನ್ನೊಂದು ಮಕ್ಕಳ ನಮ್ಮ ಶಾಲೆ ಉಳಿಯಬೇಕು ಎನ್ನುವವರು ಮೊಹರು ಒತ್ತಬೇಕು. ಊರಿನ ಮೂವತ್ತೊಂದು ಮನೆಗಳಲ್ಲಿ ಇಪ್ಪತ್ತೊಂದು ಮೊಹರು ಬಿದ್ದರೆ ಇನ್ನೂ ಐದು ವರ್ಷ ಶಾಲೆ ಮುಚ್ಚುವುದಿಲ್ಲ. ನವೆಂಬರ್ ಒಂಬತ್ತರಂದು ನಾನು ಮೊಹರು ಒತ್ತಿದೆ. ಹತ್ತರಂದು ತರಬೇತಿಗೆ ಹೋದೆ. ಹದಿನಾರರಂದು ಬಂದಾಗ ಹಲಗೆ ನನ್ನ ಚಪ್ಪಲಿ ಗೂಡಿನ ಮೇಲೇ ಇತ್ತು. ಗಡುವು ಹಿಂದಿನ ದಿನ ಮುಗಿದಿತ್ತು. ಒಟ್ಟು ಹತ್ತೊಂಬತ್ತು ಮೊಹರು. ಏಳು, ಎಂಟು, ಒಂಬತ್ತನೆಯ ಮನೆಗಳಿಗೆ ಕಾಗದ ಮುಟ್ಟಲೇ ಇಲ್ಲ. ಮಾರ್ಚಿನಲ್ಲಿ ಶಾಲೆ ಮುಚ್ಚಿತು."

ಇಷ್ಟು ಬರೆದು ಪೆನ್ನು ನಿಂತಿದೆ. ಹಲಗೆಯನ್ನು ನಿಮ್ಮ ಬಾಗಿಲೊಳಗೆ ಇಟ್ಟು ಬಸ್ಸು ಹತ್ತಿದೆ ಎಂದೇ ನನ್ನ ನೆನಪು. ಅಂದು ಯಾರಿಗೂ ಹೇಳಲಿಲ್ಲ. ಹಲಗೆ ನನ್ನ ಗೂಡಿನ ಮೇಲೆ ಕಣ್ಣೆದುರಿಗೇ ಇರುವಾಗ ಏನೆಂದು ಹೇಳುವುದು? ನಿಮಗೆ ಏನಾದರೂ ನೆನಪಿದೆಯೇ?

ನಿಮ್ಮ ಮೊಮ್ಮಗಳು ಮಿನೋರಿಗೆ ಮುತ್ತು. ಕ್ರೀಡೆಯ ದಿನ ಎರಡನೇ ತರಗತಿಯ ಓಟದಲ್ಲಿ ಒಬ್ಬಳೇ ಓಡಿ, ಒಬ್ಬಳೇ ಮೊದಲನೆಯವಳಾಗಿ, ಪದಕ ಹಾಕುವಾಗ ಬಿಕ್ಕಿಬಿಕ್ಕಿ ಅತ್ತಳಲ್ಲ, ಅದು ನೆನಪಾದಾಗ ನಗು ಬರುತ್ತದೆ.

ನಿಮ್ಮ
ಮೆರ್ಲಿಂಡಾ ಕಬಾಹುಗ್


ಕುರೊತಾಕಿ
೨೪ ಮೇ ೨೦೦೯

ಮೆರ್ಲಿ-ಚಾನ್,

ಬೆಟ್ಟದ ನೆತ್ತಿಯ ಹಿಮ ಕರಗಿ ಕುದುರೆಯ ಆಕಾರಕ್ಕೆ ಬಂದಿದೆ. ನಾಟಿ ಶುರುವಾಗಿದೆ. ಗದ್ದೆಯ ನೀರಿನಲ್ಲಿ ಕಪ್ಪೆಗಳು ಕೂಗುವುದನ್ನು ಕೇಳಿದರೆ ಊರಿನಲ್ಲಿ ಇನ್ನೂ ಜನ ಇದ್ದಾರೆ ಅನ್ನಿಸುತ್ತದೆ. ನಿನ್ನ ಕಾಗದ ಬಂದಾಗ ನಾನು ಜರಿಗಿಡದ ಚಿಗುರು ಕೀಳಲು ಹೋಗಿದ್ದೆ. ಅಂಚೆಯವನು ಅಲ್ಲಿಗೇ ತಂದುಕೊಟ್ಟ. "ಅಜ್ಜೀ, ಪರದೇಶದ ಅಂಚೆಚೀಟಿ, ಮೊಮ್ಮಗಳಿಗೆ ಬೇಡ ಅಂದ್ರೆ ನಂಗೆ ಕೊಡಿ" ಅಂದ. ಕೊಡಲಿಲ್ಲ. ಮಿನೋರಿಗೇ ಇಟ್ಟಿದ್ದೇನೆ.

ಈ ವರ್ಷ ಕರಡಿಯೊಂದು ಕೊಸುಗೆ-ಸಾನ್ ಮನೆಯ ಜೇನುಪೆಟ್ಟಿಗೆಗೆ ಕೈಹಾಕಿತು. ಗುಂಪಿನ ಮುಖ್ಯಸ್ಥ ಎಂಬ ಗೌರವವನ್ನೂ ನೋಡಲಿಲ್ಲ. ಅವರು ಬಾಣಲೆ ಬಡಿಯುತ್ತ ಒಳಚಡ್ಡಿಯಲ್ಲೇ ಓಡಿಬಂದದ್ದನ್ನು ಇಡೀ ಗುಂಪು ನೋಡಿತು. ನೀನಿದ್ದಿದ್ದರೆ ಮಕ್ಕಳಿಂದ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸುತ್ತಿದ್ದೆ.

ಮಿನೋರಿ ಈಗ ಏಳು ಗಂಟೆಯ ಹಳದಿ ಬಸ್ಸಿನಲ್ಲಿ ಪಟ್ಟಣದ ಶಾಲೆಗೆ ಹೋಗುತ್ತಾಳೆ. ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳು. ಮೊನ್ನೆ ಓಟದಲ್ಲಿ ಮೂರನೆಯವಳಾಗಿ ಬಂದಳು. ಮೂರನೆಯವಳಾದದ್ದಕ್ಕೆ ಮನೆತುಂಬ ಕುಣಿದಾಡಿದಳು! ನನ್ನ ಸೊಸೆ ಚಿಹಾರು ಕೂಡ ಈಗೀಗ ನಗುತ್ತಾಳೆ.

ಹಲಗೆಯ ವಿಷಯ ಬರೆದಿದ್ದೀಯ. ಊರಿನ ಮಾತಿಗೆ ಎಪ್ಪತ್ತೈದು ದಿನ ಆಯಸ್ಸು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಯಾರೂ ಈಗ ಅದನ್ನು ಆಡುವುದಿಲ್ಲ. ಹರಿಯುವ ನೀರಿಗೆ ಬಿಟ್ಟುಬಿಡು. ನೀನು ಎಂಟು ಮನೆಗೂ ಸಿಹಿ ಡಬ್ಬಿ ಹಿಡಿದು ಹೋಗಿ ತಪ್ಪು ಒಪ್ಪಿಕೊಂಡದ್ದನ್ನು ಎಲ್ಲರೂ ಮೆಚ್ಚಿದರು. "ಪರದೇಶದವಳಾದರೂ ಎಷ್ಟು ಚೆನ್ನಾಗಿ ಬಾಗಿದಳು" ಅಂದರು.

ಹಡಗಿನ ಅಂಚೆಯಲ್ಲಿ ಒಂದು ಪೊಟ್ಟಣ ಕಳಿಸಿದ್ದೇನೆ, ನಿಧಾನವಾಗಿ ಬರುತ್ತದೆ. ಊಟ ಬಿಡಬೇಡ.

ಕಿನುಯೆ


ಲೋಬೊಕ್
೫ ಜೂನ್ ೨೦೦೯

ಪ್ರೀತಿಯ ಕಿನುಯೆ-ಸಾನ್,

ಮಳೆ ಶುರುವಾಗಿದೆ, ಇದು ಋತುವಿನ ಮಾತು. ಕೊಸುಗೆ-ಸಾನ್ ಮತ್ತು ಕರಡಿಯ ಕಥೆಯನ್ನು ಅಕ್ಕನಿಗೆ ಹೇಳಿದೆ. ಅವಳು ಸೀಗಡಿ ಸುಲಿಯುವುದನ್ನು ಬಿಟ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು: "ಇಷ್ಟು ಒಳ್ಳೇ ಜನ ಅಂತೀಯ. ಮತ್ತೆ ಯಾಕೆ ಕಳಿಸಿಬಿಟ್ರು ನಿನ್ನ?"

ಎಪ್ಪತ್ತೈದು ದಿನ ಅಂದಿರಿ. ಲೆಕ್ಕ ಹಾಕಿದೆ. ಯಾಯೆ-ಸಾನ್ ಕಾಲುವೆಯಲ್ಲಿ ಹೇಳಿದ ದಿನದಿಂದ ಇವತ್ತಿಗೆ ನೂರ ತೊಂಬತ್ತೊಂಬತ್ತು.

ನೀವು ನನ್ನನ್ನು ನೋಯಿಸಬಾರದು ಎಂದೇ ಉತ್ತರ ಬರೆದಿಲ್ಲ ಎಂದು ತಿಳಿದಿದ್ದೇನೆ. ಆದರೆ ಈಗ ನೋವಾದರೂ ಪರವಾಗಿಲ್ಲ. ಆ ಬೆಳಿಗ್ಗೆ ನನ್ನ ತಲೆಯಲ್ಲಿ ಹೀಗಿದೆ. ಸೋಮವಾರ. ಹಿಮವೂ ಅಲ್ಲದ ಮಳೆಯೂ ಅಲ್ಲದ ಹನಿ. ಬಸ್ಸಿಗೆ ಹತ್ತು ನಿಮಿಷ. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಪೆಟ್ಟಿಗೆ, ಕಂಕುಳಲ್ಲಿ ಹಲಗೆ. ನಿಮ್ಮ ಬಾಗಿಲನ್ನು ಮೊಣಕೈಯಿಂದ ಸರಿಸಿದೆ. "ಯಾರಿದ್ದೀರಿ?" ಅಂದೆ. ಉತ್ತರ ಬರಲಿಲ್ಲ. ಹಿತ್ತಲ ಕಡೆಯಿಂದ ಕೊಡಲಿಯ ಸದ್ದು ಬರುತ್ತಿತ್ತು. ಹಲಗೆಯನ್ನು ನಿಮ್ಮ ರಬ್ಬರ್ ಬೂಟಿನ ಪಕ್ಕ ಗೋಡೆಗೆ ಒರಗಿಸಿದೆ.

ಇದು ನಡೆಯಿತೆಂದು ಆಣೆ ಮಾಡಬಲ್ಲೆ ಅಂದುಕೊಳ್ಳುತ್ತೇನೆ. ಮರುಕ್ಷಣ, ಅದು ಅಕ್ಟೋಬರಿನ ಹಲಗೆಯೇನೋ, ಹೊಸ ಹಲಗೆಯನ್ನು ನಿಜವಾಗಿಯೂ ಮರೆತು ಹೋದೆನೇನೋ ಅನ್ನಿಸುತ್ತದೆ. ಹನ್ನೊಂದು ಮಕ್ಕಳು ಒಂಟಿಗಾಲಿ ಸೈಕಲ್ ತುಳಿಯುತ್ತಿದ್ದ ಅಂಗಳ ನನ್ನ ಮರೆವಿನಿಂದ ಬಿಕೋ ಎನ್ನುತ್ತಿದೆ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಮೊನ್ನೆ ಅಂಗಡಿಗೆ ಹೋದವಳು ಚಿಲ್ಲರೆ ತೆಗೆದುಕೊಂಡೆನೋ ಇಲ್ಲವೋ ಗೊತ್ತಾಗದೆ ದಾರಿಯಲ್ಲಿ ಎರಡು ಸಲ ಕೈಚೀಲ ತೆಗೆದು ನೋಡಿದೆ. ಹಿಂದೆ ನಾನು ಹೀಗಿರಲಿಲ್ಲ.

ನಿಮ್ಮೂರಿನಲ್ಲಿ "ಹಲಗೆ ಇನ್ನೂ ಬಂದಿಲ್ಲವಲ್ಲ" ಎಂದು ಯಾರೂ ಕೇಳಿಕೊಂಡು ಹೋಗುವುದಿಲ್ಲ. ಕೇಳಿದರೆ ಹಿಂದಿನ ಮನೆಯವರನ್ನು ಬೈದ ಹಾಗೆ. ಅದು ಗೊತ್ತಿದ್ದೂ ಕೇಳುತ್ತಿದ್ದೇನೆ, ಒಂದೇ ಒಂದು ಸಲ. ಆ ದಿನ ಹಲಗೆ ನಿಮ್ಮ ಬಾಗಿಲಿಗೆ ಬಂದಿತ್ತೋ, ಇಲ್ಲವೋ?

ಬಂದಿರಲಿಲ್ಲ ಎಂದು ಬರೆಯಿರಿ, ಒಪ್ಪಿಕೊಳ್ಳುತ್ತೇನೆ. ಬಂದಿತ್ತು ಎಂದಾದರೆ ನಾಗಾನೋ ಕಚೇರಿಗೆ ಅದೇ ಒಂದು ಸಾಲು ಬರೆಯಿರಿ. ವಿಳಾಸವನ್ನು ಲಕೋಟೆಯಲ್ಲಿ ಇಟ್ಟಿದ್ದೇನೆ. ಇನ್ನು ಇಪ್ಪತ್ತೈದು ದಿನ ಇದೆ.

ಮೆರ್ಲಿ


ಕುರೊತಾಕಿ
೧೭ ಜೂನ್ ೨೦೦೯

ಮೆರ್ಲಿ-ಚಾನ್,

ನಮ್ಮಲ್ಲೂ ಮಳೆಗಾಲ. ಹಾಸಿಗೆ ಬಟ್ಟೆ ಒಣಗುವುದಿಲ್ಲ, ಮಂಡಿನೋವು ಬಿಡುವುದಿಲ್ಲ.

ಕೇಳಿದ್ದಕ್ಕೆ ಹೇಳುತ್ತೇನೆ. ಹಲಗೆ ನನ್ನ ಬಾಗಿಲಿಗೆ ಬಂದಿರಲಿಲ್ಲ.

ನಿನಗೆ ಆಗ ಎಷ್ಟು ದಣಿವಿತ್ತೆಂದು ನನಗೆ ಗೊತ್ತು. ಶಾಲೆ ಉಳಿಸಬೇಕೆಂದು ಮನೆಮನೆ ತಿರುಗಿದೆ, ಮಕ್ಕಳ ಚಿತ್ರ ತೋರಿಸಿದೆ. ಮೂರು ವರ್ಷಕ್ಕೆ ಬಂದವಳಿಗೆ ಅಷ್ಟು ಯಾಕೆ ಬೇಕಿತ್ತು ಅಂತ ನನಗೆ ಆಗಲೂ ಅನ್ನಿಸಿತ್ತು. ನಮ್ಮ ಕಡೆ ಒಂದು ಮಾತಿದೆ: ಕೆಲವರು ಗಾಳಿಯ ಜನ, ಕೆಲವರು ಮಣ್ಣಿನ ಜನ. ಗಾಳಿ ಬರುತ್ತದೆ, ಹೂವು ಅರಳಿಸುತ್ತದೆ, ಹೋಗುತ್ತದೆ. ಮಣ್ಣು ಎಲ್ಲಿಗೆ ಹೋದೀತು? ನೀನು ಗಾಳಿಯವಳು. ಅದು ತಪ್ಪಲ್ಲ, ಪುಣ್ಯ. ಬೇರೆ ಊರು ನೋಡು, ಬೇರೆ ದೇಶ ನೋಡು.

ಆದರೂ ನಿನ್ನ ಕೆಲಸ ಆಗಲಿ ಎಂದು ನಾಗಾನೋ ಕಚೇರಿಗೆ ನಾನೇ ಬರೆದೆ. ಮೂರು ಸಲ ಕರಡು ಮಾಡಿ, ಒಳ್ಳೆಯ ಕಾಗದದಲ್ಲಿ, ಕುಂಚದಲ್ಲಿ ಬರೆದೆ. ನೀನು ಮಕ್ಕಳನ್ನು ನೋಡಿಕೊಂಡ ಬಗೆ, ಹಿಮದಲ್ಲಿ ಶಾಲೆಯ ದಾರಿ ಗುಡಿಸಿದ್ದು, ಎಲ್ಲ ಬರೆದೆ. ಹಲಗೆಯ ತಪ್ಪಿಗಾಗಿ ಮನೆಮನೆಗೂ ಹೋಗಿ ಹಣೆ ನೆಲಕ್ಕೆ ತಾಗುವಂತೆ ಬಾಗಿದ್ದನ್ನೂ ಬರೆದೆ. ತಪ್ಪು ಒಪ್ಪಿಕೊಂಡವರನ್ನು ನಮ್ಮವರು ದೊಡ್ಡವರೆಂದು ಎಣಿಸುತ್ತಾರೆ. ಖಂಡಿತ ಆಗುತ್ತದೆ.

ಊಟ ಬಿಡಬೇಡ.

ಕಿನುಯೆ


ಲೋಬೊಕ್
೧೯ ಜುಲೈ ೨೦೦೯

ಓನುಮಾ ಕಿನುಯೆ-ಸಾನ್ ಅವರಿಗೆ,

ನಾಗಾನೋದಿಂದ ಉತ್ತರ ಬಂದಿದೆ. ತುಂಬ ಮರ್ಯಾದೆಯ ಉತ್ತರ. ಕಡತದಲ್ಲಿರುವ ಮಾತಿನ ಬಗ್ಗೆ ಅವರಿಗೆ ಮೊದಲು ಅನುಮಾನವಿತ್ತಂತೆ. "ನೆರೆಮನೆಯ ಹಿರಿಯರೊಬ್ಬರ ಕೈಬರಹದ ಪತ್ರದಿಂದ ಘಟನೆ ನಿಜವೆಂದು ಖಚಿತವಾದ ಕಾರಣ" ನನ್ನನ್ನು ತೆಗೆದುಕೊಳ್ಳಲು ಆಗುವುದಿಲ್ಲವಂತೆ. ಕೈಬರಹ ಬಹಳ ಸುಂದರವಾಗಿದೆ ಎಂದೂ ಬರೆದಿದ್ದಾರೆ.

ಅದನ್ನು ಓದಿ ನಾನು ಅತ್ತದ್ದು ನಿಮಗೋಸ್ಕರ. ಪಾಪ, ಒಳ್ಳೆಯದು ಮಾಡಲು ಹೋಗಿ ಹೀಗಾಯಿತಲ್ಲ, ಗೊತ್ತಾದರೆ ಎಷ್ಟು ನೊಂದುಕೊಳ್ಳುತ್ತಾರೋ ಎಂದು. ನಿಮಗೆ ತಿಳಿಸುವುದೇ ಬೇಡ ಎಂದು ಅಕ್ಕನಿಗೆ ಹೇಳಿದೆ.

ಮರುದಿನ ನಿಮ್ಮ ಪೊಟ್ಟಣ ಬಂತು.

ಅಕ್ಕ ಕತ್ತರಿ ಹಾಕಿದಳು. ಹೊಗೆ ಹಾಕಿದ ಮೂಲಂಗಿಯ ಉಪ್ಪಿನಕಾಯಿ. "ಅಯ್ಯೋ, ಏನೋ ಸುಟ್ಟ ಹಾಗಿದೆಯಲ್ಲೇ!" ಎಂದು ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆ ನನಗೆ ಗೊತ್ತಿತ್ತು. ಚೆರಿ ಕಟ್ಟಿಗೆಯ ಹೊಗೆ, ಅದರೊಳಗೆ ಸ್ವಲ್ಪ ಸಿಹಿ. ನವೆಂಬರ್ ಹದಿನಾರರಂದು ನಾನು ಮನೆಗೆ ಬಂದು ಚಪ್ಪಲಿ ಗೂಡಿನ ಮೇಲಿಂದ ಹಲಗೆ ಎತ್ತಿಕೊಂಡಾಗ ಅದರಿಂದ ಬಂದದ್ದು ಇದೇ ವಾಸನೆ. ಹಲಗೆಯ ಮೂಲೆಗಳಲ್ಲಿ ಮಸಿ ಇತ್ತು. ಕೊಸುಗೆ-ಸಾನ್ ಕೈಗೆ ಕೊಳಕಾಗಿ ಕೊಡಬಾರದು ಎಂದು ನಾನೇ ನನ್ನ ತೋಳಿನಿಂದ ಒರೆಸಿ, ಚೊಕ್ಕ ಮಾಡಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

ನನ್ನ ಮನೆಯಲ್ಲಿ ಇದ್ದದ್ದು ಸೀಮೆಎಣ್ಣೆ ಒಲೆ. ಆ ಒಂಬತ್ತು ಮನೆಗಳಲ್ಲಿ ಮೂಲಂಗಿಗೆ ಹೊಗೆ ಹಾಕುವ ಹೊಗೆಗೂಡು ಉಳಿದಿರುವುದು ನಿಮ್ಮ ಹಿತ್ತಲಲ್ಲಿ ಒಂದೇ. ಮೂಲಂಗಿಗಳನ್ನು ಹಗ್ಗಕ್ಕೆ ಕಟ್ಟುವುದು ಹೇಗೆಂದು ನನಗೆ ಅಲ್ಲೇ ಕಲಿಸಿದಿರಿ.

ನಾನು ಕೇಳುವ ಪ್ರಶ್ನೆ ಈಗ ಬೇರೆ. ಕ್ಷಮೆ ಕೇಳಲು ಹೊರಟಾಗ ಜೊತೆಗೆ ಬಂದವರು ನೀವು. ಯಾವ ಅಂಗಡಿಯ ಸಿಹಿ ಕೊಳ್ಳಬೇಕು, ಡಬ್ಬಿಯ ಮೇಲೆ ಯಾವ ಬಣ್ಣದ ಕಾಗದ, ಬಾಗಿಲಲ್ಲಿ ಎಷ್ಟು ಹೊತ್ತು ಬಾಗಿರಬೇಕು, ಎಲ್ಲ ಹೇಳಿಕೊಟ್ಟಿರಿ. "ಇನ್ನೂ ಸ್ವಲ್ಪ ಕೆಳಗೆ" ಎಂದು ಬೆನ್ನಿನ ಮೇಲೆ ಕೈ ಇಟ್ಟಿರಿ. ಕೊನೆಗೆ ನಿಮ್ಮ ಮನೆಗೂ ಬಂದು ನಿಮ್ಮ ಮುಂದೆಯೂ ಬಾಗಿದೆ. ನೀವು ಡಬ್ಬಿ ತೆಗೆದುಕೊಂಡಿರಿ.

ಆ ಸಿಹಿ ತಿಂದಿರಾ?

ಮೆರ್ಲಿಂಡಾ ಕಬಾಹುಗ್


ಲೋಬೊಕ್
೨೩ ಆಗಸ್ಟ್ ೨೦೦೯

ಓನುಮಾ ಕಿನುಯೆ-ಸಾನ್ ಅವರಿಗೆ,

ನನ್ನ ಕಾಗದ ಮುಟ್ಟಿದೆ ಎಂದು ಗೊತ್ತು, ರಸೀದಿ ಬಂದಿದೆ. ಅದರ ಮೇಲೆ ನಿಮ್ಮ ಮೊಹರು ಇದೆ.

ನಾಗಾನೋದ ಕೆಲಸ ಬೇರೆಯವರಿಗೆ ಹೋಯಿತು. ಆದರೆ ಪಟ್ಟಣದ ಕಚೇರಿಯ ಕಡತ ಅಲ್ಲೇ ಇದೆ, ಆ ಸಾಲು ಅಲ್ಲೇ ಇದೆ. ಅದನ್ನು ತೆಗೆಸಿ. ನಿಮ್ಮಿಂದ ಕಣ್ಣೀರು ಬೇಡ, ಪೊಟ್ಟಣ ಬೇಡ, ಋತುವಿನ ಮಾತೂ ಬೇಡ.

ಮೆ. ಕಬಾಹುಗ್


ಕುರೊತಾಕಿ
೧೩ ಅಕ್ಟೋಬರ್ ೨೦೦೯

ಮೆರ್ಲಿಂಡಾ ಸೆನ್ಸೇ ಅವರಿಗೆ,

ಬೇಡ ಅಂದಿದ್ದೀರಿ, ಹಾಗಾಗಿ ಋತುವಿನ ಮಾತು ಬರೆಯುವುದಿಲ್ಲ.

ತಿಂದೆ. ಅವತ್ತೇ ತಿಂದೆ. ಚಹಾ ಮಾಡಿಕೊಂಡು ಚಿಹಾರು, ಮಿನೋರಿ, ನಾನು ಮೂವರೂ ತಿಂದೆವು. ಮಿನೋರಿ ಇನ್ನೊಂದು ಬೇಕು ಅಂದಳು, ಕೊಟ್ಟೆ.

ಹಲಗೆ ನನ್ನ ಬೂಟಿನ ಪಕ್ಕದಲ್ಲೇ ಇತ್ತು, ನೀವು ಒರಗಿಸಿದ ಹಾಗೇ. ಹಿತ್ತಲಲ್ಲಿ ಕಟ್ಟಿಗೆ ಒಡೆದು ಬಂದು ನೋಡಿದೆ. ಬೆಂಕಿಯ ಬೆಳಕಿಗೆ ಓದೋಣ ಎಂದು ಹೊಗೆಗೂಡಿಗೆ ತೆಗೆದುಕೊಂಡು ಹೋಗಿ, ಓದಿ, ಅಡ್ಡತೊಲೆಯ ಮೇಲೆ ಇಟ್ಟೆ. ಮೊದಲ ದಿನ ಅದು ಮರೆವು. ಎರಡನೇ ದಿನ ಯೋಚನೆ. ಮೂರನೇ ದಿನ ಕಳ್ಳತನ. ಮೂರಕ್ಕೂ ನಡುವೆ ನಾನು ಮಾಡಿದ್ದು ಏನೂ ಇಲ್ಲ, ಮೂಲಂಗಿ ತಿರುಗಿಸಿದೆ ಅಷ್ಟೆ.

ಯೋಚನೆ ಏನೆಂದರೆ, ಆ ಕ್ರೀಡೆಯ ದಿನದ ಓಟ. ನಿಮಗೆ ನಗು ಬರುತ್ತದೆ ಅಂದಿರಿ. ಅವತ್ತು ಮನೆಗೆ ಬಂದು ಚಿಹಾರು ಆ ಪದಕವನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದಳು. "ಅತ್ತೆ, ಇದನ್ನ ನೋಡ್ತಾ ಇರಿ. ಬರೋ ವರ್ಷವೂ ನನ್ನ ಮಗಳು ಒಬ್ಬಳೇ ಓಡೋದಾದ್ರೆ, ನಾನು ಅವಳನ್ನ ಕರ್ಕೊಂಡು ತವರಿಗೆ ಹೋಗ್ತೀನಿ. ನಿಮ್ಮ ಮಗ ಬರ್ಲಿ, ಬಿಡ್ಲಿ" ಅಂದಳು. ನಾಟಕದಲ್ಲಿ ಮಿನೋರಿಯೇ ನರಿ, ಮಿನೋರಿಯೇ ಮೊಲ. ತರಗತಿಯಲ್ಲಿ ಇದ್ದದ್ದೇ ಅವಳೊಬ್ಬಳು, ಕೈಯೆತ್ತಿದರೂ ಅವಳೇ, ಎತ್ತದಿದ್ದರೂ ಅವಳೇ. ಶಾಲೆ ಮುಚ್ಚಿದರೆ ಬಸ್ಸು ಬರುತ್ತದೆ, ಸೊಸೆ ಉಳಿಯುತ್ತಾಳೆ, ಮೊಮ್ಮಗಳು ಉಳಿಯುತ್ತಾಳೆ. ಇದನ್ನು ಯಾರ ಮುಂದೆ ಹೇಳಲಿ? ಮೊಹರಿನ ಒಂಬತ್ತು ಚೌಕದ ಕಾಗದದಲ್ಲಿ ನನ್ನ ಚೌಕ ಒಂದೇ ಖಾಲಿ ಇದ್ದರೆ ಸಾಯುವ ತನಕ ಆ ಖಾಲಿ ಚೌಕವೇ ನನ್ನ ಹೆಸರಾಗುತ್ತಿತ್ತು. ನನ್ನ ಮೊಹರು ಬೇಕಾಗಿಯೂ ಇರಲಿಲ್ಲ, ನೋಡಿ. ಉಳಿದ ಇಬ್ಬರದು ಬಿದ್ದಿದ್ದರೆ ಇಪ್ಪತ್ತೊಂದಾಗುತ್ತಿತ್ತು. ಹಲಗೆಯನ್ನು ಮುಂದಿನ ಮನೆಗೆ ಕೊಟ್ಟಿದ್ದರೆ ಸಾಕಿತ್ತು.

ಹದಿನೈದರಂದು ಅದನ್ನು ನಿಮ್ಮ ಮನೆಯೊಳಗೆ ಇಟ್ಟುಬಂದೆ. ಬೀಗ ಇರಲಿಲ್ಲ. ನೀವು ಹೇಗೂ ಹೋಗುವವರು, ನಿಮಗೆ ಅದು ಅಂಟುವುದಿಲ್ಲ ಅಂದುಕೊಂಡೆ. ಜೂನಿನಲ್ಲಿ ನೀವು ನೇರವಾಗಿ ಕೇಳಿದಾಗಲೂ ಬಂದಿರಲಿಲ್ಲ ಎಂದೇ ಬರೆದೆ.

ಪಾಪಕ್ಕೆ ಕಹಿ ಫಲ ಅನ್ನುತ್ತಾರೆ. ನನ್ನ ಪಾಪಕ್ಕೆ ಸಿಹಿ ಫಲ ಬಂದಿದೆ. ಮಿನೋರಿ ಈಜು ಕಲಿತಳು, ಜಗಳವಾಡಲು ಒಬ್ಬ ಗೆಳತಿ ಸಿಕ್ಕಿದ್ದಾಳೆ. ಮಗು ಮನೆಗೆ ಬಂದು ಆ ಜಗಳವನ್ನೆಲ್ಲ ಹೇಳುವಾಗ ನಾನು ಕೇಳಿ ಖುಷಿಪಡುತ್ತೇನೆ. ಖುಷಿಪಡುವುದಿಲ್ಲ ಎಂದು ನಿಮಗೆ ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಸೆಪ್ಟೆಂಬರಿನಲ್ಲಿ ಪಟ್ಟಣದ ಕಚೇರಿಗೆ ಹೋದೆ. ಆ ಸಾಲು ಸುಳ್ಳು, ಹಲಗೆ ಬಚ್ಚಿಟ್ಟವಳು ನಾನು ಅಂದೆ. ಅಲ್ಲಿದ್ದ ಗುಮಾಸ್ತ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು ಚಹಾ ಕೊಟ್ಟ. "ಅಮ್ಮ, ಅದು ಒಬ್ಬರ ಮಾತಲ್ಲ, ನಾಲ್ಕನೇ ಗುಂಪು ಒಟ್ಟಾಗಿ ಕೊಟ್ಟ ಹೇಳಿಕೆ. ತಿದ್ದಬೇಕು ಅಂದ್ರೆ ಅದೇ ಮನೆಗಳೋರು ಮೊಹರು ಒತ್ತಿ ಇನ್ನೊಂದು ಹೇಳಿಕೆ ಕೊಡಬೇಕು" ಅಂದ. ಕಾಗದವನ್ನೂ ಅವನೇ ಕೊಟ್ಟ. ನಿಮ್ಮ ಮನೆ ಈಗ ಖಾಲಿ, ನನ್ನದು ಬಿಟ್ಟರೆ ಏಳು ಮನೆ. ಏಳು ಮೊಹರು ಬಿದ್ದರೆ ನಿಮ್ಮ ಹೆಸರು ಚೊಕ್ಕವಾಗುತ್ತದೆ.

ಮೂರು ವಾರ ಆ ಕಾಗದ ಇಟ್ಟುಕೊಂಡೇ ಇದ್ದೆ. ಮೊನ್ನೆ ಭಾನುವಾರ ಹನ್ನೊಂದರಂದು ನದಿದಂಡೆಯಲ್ಲಿ ಗುಂಪಿನ ಕೆಸುವಿನಗಡ್ಡೆ ಸಾರು. ವರ್ಷಕ್ಕೊಮ್ಮೆ ಎಲ್ಲ ಮನೆಯವರೂ ಒಂದೇ ಪಾತ್ರೆಯ ಸುತ್ತ ಕೂರುವ ದಿನ. ಸಾರು ಬಡಿಸಿದ ಮೇಲೆ ಎದ್ದು ನಿಂತು ಎಲ್ಲ ಹೇಳಿದೆ. ಹೊಗೆಗೂಡು, ತೊಲೆ, ಚಪ್ಪಲಿ ಗೂಡು, ಸಿಹಿ ಡಬ್ಬಿ, ಎಲ್ಲ. ನಿಮ್ಮ ಕೊನೆಯ ಎರಡು ಕಾಗದಗಳನ್ನೂ ಓದಿದೆ. ಕೊನೆಗೆ, "ನಾಳೆ ಬೆಳಿಗ್ಗೆ ಹೇಳಿಕೆ ಕಾಗದ ಹಿಡ್ಕೊಂಡು ಒಂದೊಂದು ಮನೆಗೂ ಬರ್ತೀನಿ, ದಯವಿಟ್ಟು ಮೊಹರು ಒತ್ತಿ" ಎಂದು ಬಾಗಿದೆ.

ಆಮೇಲೆ ಕೊಸುಗೆ-ಸಾನ್, "ಸಾರು ಆರಿಹೋಗುತ್ತೆ, ತಿನ್ನಿ" ಅಂದರು. ತಿನ್ನುತ್ತ ತಿನ್ನುತ್ತ ತಮ್ಮ ಬಟ್ಟಲಿಗೇ ಹೇಳುವ ಹಾಗೆ ಅಂದರು: "ಅವತ್ತೇ ಹಲಗೆ ಗಮ್ ಅಂತಿತ್ತು. ವಯಸ್ಸಾಗಿದೆ ನಿಜ, ಮೂಗು ಸತ್ತಿಲ್ಲ."

ಯಾಯೆ ಅಂದಳು: "ಸೆನ್ಸೇ ನಿನ್ನ ಬಾಗಿಲಲ್ಲಿ ಇಟ್ಟು ಓಡಿದ್ದನ್ನ ನಾನು ಮಹಡಿ ಕಿಟಕಿಯಿಂದ ನೋಡಿದ್ದೆ ಕಣೇ."

"ನೋಡಿದ್ದೆಯಾ? ಮತ್ತೆ ಕಾಲುವೆ ಹತ್ರ ಹಾಗ್ಯಾಕೆ ಹೇಳಿದೆ?"

"ಇನ್ನೇನು ಹೇಳಲಿ? ನೀನು ನಂಗೆ ಪಕ್ಕದ ಮನೆಯೋಳು. ನಾಳೆ ನಾನು ಬಿದ್ರೆ ಎತ್ತೋಳು ನೀನು. ಸೆನ್ಸೇ ಬರ್ತಾರಾ ಎತ್ತೋಕೆ?"

ಅವಳ ಪಕ್ಕದವಳು ತಲೆಯಾಡಿಸಿದಳು. ಅದರಾಚೆಯವರೂ ತಲೆಯಾಡಿಸಿದರು. ನನಗೆ ಆಗ ಅರ್ಥವಾಯಿತು. ಅಲ್ಲಿ ಕೂತವರಲ್ಲಿ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ನೀವು ಎಂಟು ಮನೆಯ ಬಾಗಿಲಲ್ಲಿ ಹಣೆ ಹಚ್ಚಿದಾಗಲೂ ಗೊತ್ತಿತ್ತು.

ನಿನ್ನೆ ಬೆಳಿಗ್ಗೆ ಏಳು ಗಂಟೆಗೆ ಕಾಗದ, ಮೊಹರಿನ ಶಾಯಿಡಬ್ಬಿ ಚೀಲಕ್ಕೆ ಹಾಕಿ ಹೊರಡಬೇಕು ಅನ್ನುವಷ್ಟರಲ್ಲಿ ಹಿತ್ತಲ ಬಾಗಿಲು ಸರಿಯಿತು. ಯಾಯೆ. ಕೈಯಲ್ಲಿ ಚೆಸ್ಟ್‌ನಟ್ ಹಾಕಿದ ಬಿಸಿ ಅನ್ನ. "ಇಷ್ಟು ದಿನ ಒಬ್ಬಳೇ ಹೊತ್ಕೊಂಡಿದ್ದೆಯಲ್ಲ, ಎಷ್ಟು ಕಷ್ಟ ಆಯ್ತೋ ಏನೋ" ಎಂದು ನನ್ನ ಕೈ ಹಿಡಿದುಕೊಂಡಳು. ಅವಳು ಎದ್ದು ಹೋಗುವ ಮೊದಲೇ ಕೊಸುಗೆ-ಸಾನ್ ಹೊಸ ಅಕ್ಕಿ ತಂದರು. "ಮನಸ್ಸಿಗೆ ಹಚ್ಕೋಬೇಡಿ. ಮೊಮ್ಮಗಳಿಗಾಗಿ ತಾನೇ ಮಾಡಿದ್ದು" ಅಂದರು. ಒಂಬತ್ತನೆಯ ಮನೆಯವರು ಅಣಬೆ. ಮೇಲಿನ ಮನೆಗಳಿಂದ ದ್ರಾಕ್ಷಿ, ಸೋಯಾ ಹಿಟ್ಟು, ಎರಡು ಮೀನು. ಹತ್ತು ಗಂಟೆಯೊಳಗೆ ಏಳು ಮನೆಯವರೂ ಒಬ್ಬರ ಹಿಂದೆ ಒಬ್ಬರು ಬಂದು ಹೋದರು. ನಾನು ಅವರ ಬಾಗಿಲಿಗೆ ಹೋಗುವ ಕೆಲಸವೇ ಉಳಿಯಲಿಲ್ಲ. ಕೈತುಂಬ ಕೊಟ್ಟವರನ್ನು ಅದೇ ಕೈಯಿಂದ ಇನ್ನೊಂದು ಕೇಳುವುದು ನಮ್ಮಲ್ಲಿ ಇಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಏಳು ಸಲ ಚಹಾ ಮಾಡಿದೆ. ಕಾಗದ ಚೀಲದಲ್ಲಿ ನನ್ನ ಮಂಡಿಯ ಪಕ್ಕದಲ್ಲೇ ಇತ್ತು. ಯಾರೂ ಅದರ ಮಾತೆತ್ತಲಿಲ್ಲ. ನಾನೂ ಹೊರಗೆ ತೆಗೆಯಲಿಲ್ಲ. ಕರಡಿಯ ಮಾತು ಬಂತು, ಈ ಸಲದ ಬೆಳೆಯ ಮಾತು ಬಂತು, ಎರಡು ಸಲ ನಕ್ಕೆವು.

ನಿಮ್ಮ ವಿಳಾಸವನ್ನು ಒಬ್ಬರೂ ಕೇಳಲಿಲ್ಲ.

ಓನುಮಾ ಕಿನುಯೆ